ನಡುವೆ ಒಬ್ಬನೇ

ಅವಳು ಅವನನ್ನು ಮೊದಲ ಸಲ ಮುಟ್ಟಿದ್ದು ಮೊಣಕೈಯಿಂದ, ಅದೂ ದವಡೆಗೆ.

ತುಕ್ಕುಮೊಳೆ ಎಂಬ ಪಂಕ್ ರಾಕ್ ಬ್ಯಾಂಡಿನ ಶೋ ನಡೆಯುತ್ತಿತ್ತು. ಸ್ಟೇಜಿನ ಮುಂದೆ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಕುಣಿಯುವ ಜಾಗದಲ್ಲಿ ಅವಳು ಗಿರ್ರನೆ ತಿರುಗಿದಳು, ಅವನು ಅಡ್ಡ ಬಂದ, ಟಕ್ ಅಂತ ಸದ್ದಾಯಿತು. ಬಿದ್ದವನ ಕಂಕುಳಿಗೆ ಕೈಹಾಕಿ ಎತ್ತಿದವಳೂ ಅವಳೇ. ಅವನು ಬಾಯಿಯ ರಕ್ತ ಉಗಿದು, ಹಲ್ಲುಗಳನ್ನೆಲ್ಲ ನಾಲಿಗೆಯಿಂದ ಸವರಿ ನೋಡಿ, "ಎಲ್ಲಾ ಇವೆ. ಥ್ಯಾಂಕ್ಸ್," ಅಂದ.

"ಹೊಡೆದಿದ್ದಕ್ಕಾ, ಎತ್ತಿದ್ದಕ್ಕಾ?"

"ಯಾವುದಕ್ಕೆ ಅಂದ್ರೆ ಇನ್ನೊಂದ್ಸಲ ಮಾಡ್ತೀಯ?"

ಅವಳಿಗೆ ನಗು ಬಂತು. ನಗುವ ಹೊತ್ತಲ್ಲ ಅದು. ಪಕ್ಕದಿಂದ ಯಾರದೋ ಭುಜ ಬಂದು ಇಬ್ಬರನ್ನೂ ಬೇರೆ ಬೇರೆ ದಿಕ್ಕಿಗೆ ಎಸೆಯಿತು.

ಇಂಥ ಶೋಗಳಿಗೆ ಒಟ್ಟಿಗೆ ಹೋಗುವ ಗ್ಯಾಂಗಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದೇ ಮೊಣಕೈ ಎಂದು. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನಾದ್ದರಿಂದ ಅವನಿಗೆ ಲೆನ್ಸ್ ಎಂಬ ಹೆಸರು ಬಿತ್ತು. ಊರಿಗೆಲ್ಲ ಕಣ್ಣು ಸರಿ ಮಾಡಿಕೊಡುವವನ ಸ್ವಂತ ಕನ್ನಡಕ ಸೋಡಾ ಬಾಟಲಿಯ ತಳದಷ್ಟು ದಪ್ಪ. ಅದನ್ನು ತೆಗೆದರೆ ಕೈಯಳತೆಯಲ್ಲಿ ನಿಂತ ಮನುಷ್ಯನೂ ಅವನಿಗೆ ಒಂದು ಬಣ್ಣದ ಕಲೆ, ಅಷ್ಟೆ.

ಆಮೇಲೆ ಅವನು ಅವಳು ಕೆಲಸ ಮಾಡುವ ಶೆಡ್ಡಿಗೆ ಬರತೊಡಗಿದ. ಅದು ಅವಳ ಅಣ್ಣನ ಶೆಡ್ಡು. ಗುದ್ದಿಸಿಕೊಂಡು ಬಂದ ಕಾರುಗಳ ತಗ್ಗನ್ನು ಅಣ್ಣ ಸುತ್ತಿಗೆಯಿಂದ ಎತ್ತುತ್ತಿದ್ದ. ಅವಳು ಪುಟ್ಟಿ ಹಚ್ಚಿ, ಉಜ್ಜಿ, ಬಣ್ಣ ಹೊಡೆಯುತ್ತಿದ್ದಳು. ಲೆನ್ಸ್‌ನ ಹತ್ತಿರ ಕಾರಿರಲಿಲ್ಲ. ಸೈಕಲ್ಲಿನ ಮಡ್‌ಗಾರ್ಡ್ ಬಿಚ್ಚಿ ತಂದು, "ಡೆಂಟ್ ಆಗಿದೆ," ಅಂದ.

"ಎಲ್ಲಿ?"

"ಇಲ್ಲೇ ಎಲ್ಲೋ. ನನಗೆ ಕಣ್ಣು ಸರಿಯಾಗಿ ಕಾಣಲ್ಲ, ನೀನೇ ಹುಡುಕು."

ಡೆಂಟ್ ಇರಲಿಲ್ಲ. ಮುಂದಿನ ವಾರ ಇತ್ತು. ಅವನೇ ಕಲ್ಲಿನಿಂದ ಜಜ್ಜಿ ತಂದಿದ್ದ. ಅವಳು ಅದಕ್ಕೆ ಕೇಳದೇ ಗುಲಾಬಿ ಬಣ್ಣ ಹೊಡೆದುಕೊಟ್ಟಳು. ಅವನು ಅದನ್ನು ಸೈಕಲ್ಲಿಗೆ ಹಾಕಿಕೊಂಡೇ ಊರೆಲ್ಲ ತಿರುಗಿದ.

ಇಷ್ಟಾದರೂ ಹೇಳಬೇಕಾದ ಮಾತನ್ನು ಇಬ್ಬರೂ ಹೇಳಿರಲಿಲ್ಲ. ಅವನು ಯಾಕೆ ಹೇಳಲಿಲ್ಲವೋ ಅವನಿಗೇ ಗೊತ್ತು. ಅವಳು ಹೇಳದಿರಲು ಕಾರಣ ಅಣ್ಣ.

ಅಮ್ಮ ಸತ್ತ ವರ್ಷ ಅಣ್ಣ ತಂಗಿಗೆ ಜಡೆ ಹೆಣೆಯಲು ಕಲಿತ, ಡ್ರಮ್ ಬಾರಿಸಲೂ ಕಲಿತ. ಎರಡಕ್ಕೂ ಅವನ ಕೈ ಒಂದೇ ತರ. ಜಡೆ ಎಳೆದು ಬಿಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ತುಕ್ಕುಮೊಳೆ ಹುಟ್ಟಿದ್ದು ಇದೇ ಶೆಡ್ಡಿನಲ್ಲಿ, ಅವನ ಡ್ರಮ್ಮಿನ ಸುತ್ತ. ಕೊನೆಗೊಂದು ದಿನ ಸ್ಟೇಜಿನ ಮೇಲೆ ಹಾಡುಗಾರನೊಂದಿಗೆ ಜಗಳ ಹತ್ತಿ, ಡ್ರಮ್ ಕೋಲಿನಿಂದ ಅವನ ಬಾಯಿಗೆ ಹೊಡೆದ. ಬ್ಯಾಂಡಿನವರು ಹೊರಗೆ ಹಾಕಿದರು. ತಪ್ಪು ಅಣ್ಣನದೇ, ಶೆಡ್ಡಿನಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಗಂಡಸು ಮಾತ್ರ ಇರಲಿಲ್ಲ. ಹೆಂಗಸೂ ಇರಲಿಲ್ಲ.

ಈಗ ಬೇರೆ ಡ್ರಮ್ಮರ್‌ನನ್ನು ಇಟ್ಟುಕೊಂಡು ತುಕ್ಕುಮೊಳೆ ಹೊಸ ಆಲ್ಬಮ್ ತಂದಿತ್ತು. ಹೆಸರು 'ಮನೆಗೆ ಹೋಗ್ರೋ'.

ಹೊಸ ಆಲ್ಬಮ್ ಬಂದರೆ ಗ್ಯಾಂಗಿನಲ್ಲಿ ಒಂದು ಪದ್ಧತಿ ಇತ್ತು. ಎಲ್ಲರೂ ಶೆಡ್ಡಿನಲ್ಲಿ ಸೇರಬೇಕು. ಮೊದಲ ಸಲ ಪೂರ್ತಿ ಮುಗಿಯುವ ತನಕ ತುಟಿ ಬಿಚ್ಚುವಂತಿಲ್ಲ. ಮುಗಿದ ಮೇಲೆ ಏನು ಬೇಕಾದರೂ ಮಾತಾಡಬಹುದು, ಆದರೆ ಮಾತು ಲೆಕ್ಕಕ್ಕಿಲ್ಲ. ಎರಡನೇ ಸಲ ಹಾಕಿದಾಗ ಹಿಡಿಸಿದವರು ನಡುವೆ ಬಂದು ಕುಣಿಯಬೇಕು, ಹಿಡಿಸದವರು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ತೀರ್ಪು ಅದು. "ಬಾಯಿ ಸುಳ್ಳು ಹೇಳುತ್ತೆ, ಬೆವರು ಹೇಳಲ್ಲ," ಅನ್ನುವುದು ಅಣ್ಣನದೇ ಮಾತು. ಇನ್ನೊಂದು ಮಾತೂ ಅವನದೇ: "ನಡುವೆ ಬಿದ್ದವನನ್ನ ಹತ್ತಿರ ಇದ್ದವನು ಎತ್ತಬೇಕು. ನಿಮ್ಮಪ್ಪನನ್ನ ಕೊಂದವನಾದ್ರೂ ಸರಿ, ಮೊದಲು ಎತ್ತು. ಆಮೇಲೆ ಬೇಕಾದ್ರೆ ಕೊಲ್ಲು."

ಭಾನುವಾರ ಮಧ್ಯಾಹ್ನ ಸೇರಿದರು. ಶಟರ್ ಅರ್ಧ ಇಳಿಯಿತು. ಒಳಗೆ ಥಿನ್ನರ್ ವಾಸನೆ, ಬಾನೆಟ್ ಕಳಚಿಕೊಂಡು ಬಾಯಿ ತೆರೆದ ಒಂದು ಕಾರು, ಅದರ ಮೇಲೆ ಸ್ಪೀಕರು. ಅಣ್ಣ ಕೈಯಲ್ಲಿ ಸುತ್ತಿಗೆ ಹಿಡಿದೇ ಪ್ಲೇ ಒತ್ತಿದ.

ಮೊದಲ ಹಾಡು ಕಪಾಳಕ್ಕೆ ಬಿಟ್ಟ ಹಾಗೆ ಶುರುವಾಯಿತು. ಎರಡನೆಯದು ಅದಕ್ಕಿಂತ ಜೋರು. ಅವಳು ಬೇಡ ಬೇಡ ಎಂದುಕೊಂಡೇ ಕೇಳತೊಡಗಿದಳು. ಈ ಹೊಸಬ ಅಣ್ಣನಷ್ಟು ಗಟ್ಟಿಯಾಗಿ ಹೊಡೆಯುತ್ತಿರಲಿಲ್ಲ. ಆದರೆ ಎಲ್ಲಿ ಹೊಡೆಯಬೇಕೋ ಅಲ್ಲಿಗೆ ಒಂದು ಕೂದಲೆಳೆ ಮೊದಲೇ ಬಂದು ಕಾದು ಕೂತಿರುತ್ತಿದ್ದ. ಎಂಟನೇ ಹಾಡು ನಿಧಾನದ್ದು. ಕೊನೆಗೆ ಹಾಡುಗಾರ ಉಸಿರು ಬಿಟ್ಟ ಕಡೆ ಎಲ್ಲರ ಕಿವಿಯೂ ಒಂದು ಏಟನ್ನು ಎದುರು ನೋಡಿತು. ಅವನು ಹೊಡೆಯಲಿಲ್ಲ. ಜಾಗ ಖಾಲಿ ಬಿಟ್ಟ. ಆ ಖಾಲಿಯೊಳಗೆ ಅವಳ ಎದೆಯೇ ಒಮ್ಮೆ ಬಡಿದುಕೊಂಡಿತು.

ತಲೆ ಎತ್ತಿದಳು. ಲೆನ್ಸ್ ನೋಡುತ್ತಿದ್ದ. ದಪ್ಪ ಗಾಜಿನ ಹಿಂದೆ ಅವನ ಕಣ್ಣುಗಳು ಇರುವುದಕ್ಕಿಂತ ದೊಡ್ಡದಾಗಿ ಕಂಡು, ನಾಚಿಕೆಯಿಲ್ಲದೆ ಅವಳ ಮುಖದ ಮೇಲೇ ಕೂತಿದ್ದವು. ಅವಳು ಹುಬ್ಬು ಗಂಟಿಕ್ಕಿ, ಅತ್ತ ನೋಡು ಎಂಬಂತೆ ಗದ್ದ ತಿರುಗಿಸಿದಳು. ಅವನು ಅತ್ತ ನೋಡಿದ. ಮರುಗಳಿಗೆಯಲ್ಲಿ ಮತ್ತೆ ಇತ್ತ. ಅವಳ ಕಿವಿ ಬಿಸಿಯಾಯಿತು.

ಆಲ್ಬಮ್ ಮುಗಿಯಿತು. ಎಲ್ಲರೂ ಮೊದಲು ನೋಡಿದ್ದು ಅಣ್ಣನ ಮುಖ. ಅಲ್ಲಿ ಏನೂ ಸಿಗದೆ ತಮ್ಮ ತಮ್ಮ ಮಾತು ತೆಗೆದರು.

"ಇದು ಪಂಕ್ ಮ್ಯೂಸಿಕ್ಕಾ, ಟೂತ್‌ಪೇಸ್ಟ್ ಜಾಹೀರಾತಾ?" ಅಂದ ಬೇಕರಿ. ಬ್ರೆಡ್ ಒಲೆಯ ಮುಂದೆ ನಿಂತೂ ನಿಂತೂ ಕೆಂಪಗಾದ, ಬಾಗಿಲಷ್ಟು ಅಗಲದ ಆಳು ಅವನು.

"ಗಿಟಾರಿಗೆ ಸೋಪು ಹಚ್ಚಿ ಸ್ನಾನ ಮಾಡ್ಸಿದಾರೆ ಕಣ್ರೋ," ಅಂದಳು ಟೀಚರ್. ವಾರವಿಡೀ ಸಣ್ಣ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ಭಾನುವಾರ ಕೆಟ್ಟ ಮಾತಾಡಲು ಇಲ್ಲಿಗೆ ಬರುತ್ತಿದ್ದಳು. "ಎಂಟನೇದು ಕೇಳಿದ್ರಾ? ನಮ್ಮ ಕ್ಲಾಸಿನ ಮಕ್ಕಳು ನಿದ್ದೆ ಹೋಗ್ತಾವೆ."

"ಹಾಡುಗಾರನಿಗೆ ಮದುವೆ ಆಯ್ತಂತೆ."

"ಅದಕ್ಕೇ ಮನೆಗೆ ಹೋಗ್ರೋ ಅಂತಿದಾನೆ!"

ನಗು ಎದ್ದಿತು. ಬೇಕರಿ ಅವಳ ಕಡೆ ತಿರುಗಿದ. "ಏನ್ ಮೊಣಕೈ, ಬಾಯಿಗೆ ಪುಟ್ಟಿ ಹಾಕ್ಕೊಂಡಿದೀಯ?"

ಅಣ್ಣನೂ ನೋಡಿದ. ಅವನ ಹೆಬ್ಬೆರಳು ಸುತ್ತಿಗೆಯ ಹಿಡಿಯನ್ನು ಉಜ್ಜುತ್ತಿತ್ತು.

"ಇನ್ನೊಂದ್ಸಲ ಹಾಕು," ಅಂದಳು. ಅಷ್ಟೇ ಅವಳ ಧೈರ್ಯ.

ಅಣ್ಣ ಹಾಕಿದ. ಜನ ಹಿಂದಕ್ಕೆ ಸರಿದರು. ಒಬ್ಬೊಬ್ಬರದೇ ಬೆನ್ನು ಗೋಡೆಗೆ ಹತ್ತಿತು. ಅವಳ ಕಾಲೂ ಹಿಂದಕ್ಕೇ ಹೋಯಿತು, ತಲೆಯನ್ನು ಕೇಳಲಿಲ್ಲ. ಬೆನ್ನಿಗೆ ಗೋಡೆಯ ತಂಪು ತಗುಲಿದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೆ ಎದುರಿಗಿದ್ದವನು ಜಡೆ ಹೆಣೆದವನು.

ಅಷ್ಟರಲ್ಲಿ ಲೆನ್ಸ್ ಬಂದು ಕನ್ನಡಕ ತೆಗೆದು ಅವಳ ಅಂಗೈಗಿಟ್ಟ. ಗಾಜು ಇನ್ನೂ ಬೆಚ್ಚಗಿತ್ತು.

"ಜೇಬಲ್ಲಿಟ್ಕೊಂಡು ಬಾ," ಅಂದು ನಡುವೆ ನಡೆದ.

ಹೋಗಬೇಡ ಅಂದಳು. ಸ್ಪೀಕರ್ ಆ ಮಾತನ್ನು ನುಂಗಿತು.

ಅವನು ಕುಣಿಯತೊಡಗಿದ. ಒಬ್ಬನೇ. ಅದು ಒಬ್ಬನೇ ಕುಣಿಯುವ ಕುಣಿತವಲ್ಲ. ಎದುರಿನ ಮೈ ಬಂದು ಬಡಿಯುತ್ತದೆಂದು ನಂಬಿ ಮೈಯನ್ನು ಎಸೆಯುವ ಕುಣಿತ. ಯಾರೂ ಇಲ್ಲದ ಕಡೆ ಎಸೆದ ಮೈ ತೂರಾಡಿ, ಮುಗ್ಗರಿಸಿ, ಮತ್ತೆ ಎದ್ದು ನಿಲ್ಲುತ್ತಿತ್ತು. ಅವನ ಭುಜ ಇನ್ನೊಂದು ಭುಜವನ್ನು ಹುಡುಕುತ್ತಿತ್ತು. ಬೇಕರಿ ನಕ್ಕ. ಟೀಚರ್ ನಗಲಿಲ್ಲ. ಹಾಡಿನ ಮೇಲೆ ಹಾಡು ಹೋಯಿತು, ಅವನು ಬೆವರಿ ತೊಪ್ಪೆಯಾದ, ನಿಲ್ಲಿಸಲಿಲ್ಲ.

ಅಣ್ಣ ಸುತ್ತಿಗೆ ಕೆಳಗಿಟ್ಟ. ಸದ್ಯ, ಎಂದುಕೊಂಡಳು. ಆದರೆ ಅವನು ನಡುವೆ ಹೊರಟಿದ್ದ.

ಭುಜದಿಂದ ಒಂದು ಬಿಟ್ಟ. ಲೆನ್ಸ್‌ನ ಮುಖದಲ್ಲಿ ದೀಪ ಹತ್ತಿದ ಹಾಗಾಯಿತು.

"ಬಂದ್ಯಾ!" ಅಂದ.

ಆ ಮಾತು ಯಾರಿಗೆಂದು ಶೆಡ್ಡಿನಲ್ಲಿ ಎಲ್ಲರಿಗೂ ತಿಳಿಯಿತು. ಅಣ್ಣನಿಗೂ. ಎರಡನೇ ಏಟು ಪಕ್ಕೆಗೆ ಬಿತ್ತು. ಮೂರನೆಯದು ಕುಣಿತದ ಏಟಾಗಿರಲಿಲ್ಲ, ಮುಷ್ಟಿಯಾಗಿತ್ತು. ಲೆನ್ಸ್ ಬಿದ್ದ. ಅವನ ಹತ್ತಿರ ನಿಂತಿದ್ದವನು ಬೇಕರಿ. ಬೇಕರಿ ತನ್ನ ಶೂ ನೋಡಿಕೊಂಡ. ಯಾರೂ ಎತ್ತಲಿಲ್ಲ.

ಲೆನ್ಸ್ ಕೈಯೂರಿ ತಾನೇ ಎದ್ದ. ತುಟಿ ಸೀಳಿತ್ತು. ಎದುರಿನ ಬಣ್ಣದ ಕಲೆ ಎಷ್ಟು ದೊಡ್ಡದೆಂದು ಈಗ ಅಂದಾಜಾಗಿರಬೇಕು.

"ತಾಳ ತಪ್ತಿದೆ ಅಣ್ಣಾ," ಅಂದ.

ಕೆಣಕಲು ಅಂದನೋ, ಅನಿಸಿದ್ದನ್ನು ಅಂದನೋ. ಕೆಲಸ ಕಳೆದುಕೊಂಡ ಡ್ರಮ್ಮರ್‌ಗೆ ಹೇಳಬಾರದ ಮಾತು ಲೋಕದಲ್ಲಿ ಒಂದೇ ಇದ್ದರೆ ಅದು ಇದು. ಅಣ್ಣ ಅವನ ಮೇಲೆ ಬಿದ್ದ. ಮೂಗಿಗೆ, ಹುಬ್ಬಿಗೆ, ಎಲ್ಲಿ ಸಿಕ್ಕಿದರೆ ಅಲ್ಲಿಗೆ. ಹಸಿ ಸೌದೆ ಒಡೆಯುವ ಸದ್ದು. ಒಂದು ಏಟಿಗೆ ಲೆನ್ಸ್‌ನ ತಲೆ ಜಾರಿತು, ಮುಷ್ಟಿ ಹೋಗಿ ಕಬ್ಬಿಣದ ಜಾಕಿಗೆ ಬಡಿಯಿತು. ಬೆರಳು ಮುರಿದದ್ದು ಸ್ಪೀಕರ್ ಸದ್ದಿನಲ್ಲೂ ಕೇಳಿತು. ಅಣ್ಣ ನಿಲ್ಲಲಿಲ್ಲ. ಕೈ ಬಿಟ್ಟು ಕಾಲು ತೆಗೆದುಕೊಂಡ.

ಅವಳ ಅಂಗೈಯಲ್ಲಿ ಏನೋ ಲಟಕ್ಕೆಂದಿತು. ಕನ್ನಡಕದ ಕಡ್ಡಿ. ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದು ಅವಳಿಗೆ ಆಗಲೇ ತಿಳಿದದ್ದು.

ಗೋಡೆಯಿಂದ ಬೆನ್ನು ಬಿಡಿಸಿಕೊಂಡಳು. ಓಡಲಿಲ್ಲ. ನಡೆದು ಹೋದಳು. ಅಣ್ಣ ಮತ್ತೆ ಕಾಲೆತ್ತಿದಾಗ ಗಿರ್ರನೆ ತಿರುಗಿ ಮೊಣಕೈ ಬಿಟ್ಟಳು. ಬಾಯಿ, ಗದ್ದ, ಯಾವುದಕ್ಕೆ ಬಿತ್ತೋ ನೋಡಲಿಲ್ಲ. ಅಣ್ಣ ಕಡಿದ ಮರದ ಹಾಗೆ ಹಿಂದಕ್ಕೆ ಬಿದ್ದ.

ಹಾಡು ನಡೆಯುತ್ತಲೇ ಇತ್ತು.

"ಎತ್ತ್ರೋ!" ಎಂದು ಕಿರುಚಿದಳು. "ಬಿದ್ದವರನ್ನ ಎತ್ತೋಕೂ ಆಗಲ್ವಾ ನಿಮಗೆ? ಥೂ! ನನಗೆ ಹಿಡಿಸಿದೆ ಈ ಆಲ್ಬಮ್. ಕೇಳಿಸ್ತಾ? ಪೂರ್ತಿ ಹಿಡಿಸಿದೆ!"

ಮಾತು ಲೆಕ್ಕಕ್ಕಿಲ್ಲವಲ್ಲ. ಕುಣಿದಳು. ಬಿದ್ದ ಇಬ್ಬರ ನಡುವೆ, ಅಳುತ್ತಾ, ಮೂಗೊರೆಸಿಕೊಳ್ಳುತ್ತಾ, ತಾಳ ತಪ್ಪದೆ.

ಆಗ ಲೆನ್ಸ್ ಮೊಣಕಾಲ ಮೇಲೆ ಎದ್ದ. ಒಂದು ಕಣ್ಣು ಮುಚ್ಚಿಹೋಗಿತ್ತು, ಇನ್ನೊಂದು ಕನ್ನಡಕವಿಲ್ಲದೆ ಕಾಣದ್ದು. ಪಕ್ಕದಲ್ಲಿ ಯಾರೋ ಬಿದ್ದು ನರಳುತ್ತಿರುವುದು ಅವನಿಗೆ ಕೇಳಿತು. ಯಾರೆಂದು ತಿಳಿಯಲಿಲ್ಲ. ನಿಯಮ ಗೊತ್ತಿತ್ತು. ತಡಕಾಡಿ ಕೈ ಚಾಚಿದ.

ಅಣ್ಣ ಆ ಕೈಯನ್ನು ನೋಡಿದ. ಬಹಳ ಹೊತ್ತು ನೋಡಿದ ಹಾಗೆ ಅವಳಿಗನಿಸಿತು. ಆಮೇಲೆ ಹಿಡಿದುಕೊಂಡ. ಮುರಿದ ಕೈಯಿಂದಲೇ ಹಿಡಿದು, "ಅಯ್ಯಯ್ಯೋ, ಅಮ್ಮಾ!" ಎಂದು ಮಗುವಿನ ಹಾಗೆ ಅರಚಿದ.

ಬೇಕರಿ ಓಡಿ ಬಂದು ಸ್ಪೀಕರಿನ ವಯರ್ ಕಿತ್ತ.

*

ಕ್ಲಿನಿಕ್ಕಿನ ಬೆಂಚಿನ ಮೇಲೆ ಮೂವರು ಕೂತರು. ಎಡಕ್ಕೆ ಅಣ್ಣ, ಬಲಕ್ಕೆ ಲೆನ್ಸ್, ನಡುವೆ ಅವಳು.

"ಏನಾಯ್ತು?" ಅಂದಳು ನರ್ಸ್.

"ಹಾಡು ಕೇಳ್ತಿದ್ವಿ," ಅಂದ ಲೆನ್ಸ್.

ನರ್ಸ್ ಮೂವರನ್ನೂ ಮೇಲಿಂದ ಕೆಳಗೆ ನೋಡಿ, "ಭಜನೆ ಇರಬೇಕು," ಎಂದು ಒಳಗೆ ಹೋದಳು.

ಅಣ್ಣನ ಬೆರಳುಗಳು ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿದ್ದವು. ಅವನು ಎದುರಿನ ಗೋಡೆ ನೋಡುತ್ತಾ, ಊದಿದ ತುಟಿಯಿಂದಲೇ ಕೇಳಿದ:

"ಚೆನ್ನಾಗಿ ಬಾರಿಸಿದಾನಾ?"

ಯಾರು ಎಂದು ಅವಳು ಕೇಳಲಿಲ್ಲ. ಸುಳ್ಳು ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಅಣ್ಣನ ಬಾಯಿಂದ ರಕ್ತ ಬರಿಸಿದವಳು ಇಷ್ಟು ಸಣ್ಣ ಉಪಕಾರ ಮಾಡಬಹುದಿತ್ತು. ಹೂಂ ಅಂದರೆ ಇನ್ನು ಮುಂದೆ ಒಂದೇ ಶೆಡ್ಡಿನಲ್ಲಿ, ಒಂದೇ ಮನೆಯಲ್ಲಿ ಹೇಗೆ ಇರುವುದೋ ಅವಳಿಗೆ ತಿಳಿಯಲಿಲ್ಲ.

"ಹೂಂ," ಅಂದಳು.

"ನನಗಿಂತ?"

"ಹೂಂ ಅಣ್ಣ. ನಿನಗಿಂತ."

ಅವತ್ತಿನ ಏಟುಗಳಲ್ಲಿ ಅದೇ ದೊಡ್ಡದು. ಅಣ್ಣನ ಮೈ ಅದನ್ನು ತೆಗೆದುಕೊಂಡದ್ದು ಅವಳ ಭುಜಕ್ಕೆ ಗೊತ್ತಾಯಿತು.

"ಎಲ್ಲಿ?"

"ಎಂಟನೇ ಹಾಡು. ಕೊನೇಲಿ ಒಂದು ಏಟು ಬರ್ಬೇಕಲ್ಲ, ನೀನಾಗಿದ್ರೆ ಹೊಡೀತಿದ್ದೆ. ಅವನು ಹೊಡೀಲಿಲ್ಲ."

ಅಣ್ಣ ತಲೆಯಾಡಿಸಿದ. "ಕೇಳ್ತು. ಮೊದಲನೇ ಸಲಾನೇ ಕೇಳ್ತು. ಆ ಜಾಗದಲ್ಲಿ ಕೈ ತಡ್ಕೊಳ್ಳೋದು ನನಗೆ ಬರಲ್ಲ ಕಣೆ." ತನ್ನ ಕೈ ನೋಡಿಕೊಂಡ. "ಎಲ್ಲೂ ಬರಲ್ಲ."

ಅವಳು ಅವನ ಒಳ್ಳೆಯ ಕೈಯನ್ನು ಹಿಡಿದುಕೊಂಡಳು. ಅವನು ಕಿತ್ತುಕೊಳ್ಳಲಿಲ್ಲ. ಕ್ಷಮಿಸು ಅನ್ನಲೂ ಇಲ್ಲ. ಅವರ ಮನೆಯಲ್ಲಿ ಆ ಮಾತು ಯಾರೂ ಕಲಿತಿರಲಿಲ್ಲ. ಲೆನ್ಸ್‌ನ ಕಡೆ ಕತ್ತು ಚಾಚಿ, "ಲೋ, ಹಲ್ಲು ಎಲ್ಲಾ ಇವೆಯೇನೋ?" ಅಂದ.

"ಒಂದು ಅಲ್ಲಾಡ್ತಿದೆ ಅಣ್ಣಾ."

"ಕೀಳಿಸ್ಕೋಬೇಡ. ಕೂರುತ್ತೆ."

ನರ್ಸ್ ಬಂದು ಹುಬ್ಬು ಸೀಳಿದವರು ಬನ್ನಿ ಅಂದಳು. ಲೆನ್ಸ್ ಎದ್ದು ನೇರವಾಗಿ ಕಿಟಕಿಯ ಕಡೆ ನಡೆದ.

"ಹೋಗೇ," ಅಂದ ಅಣ್ಣ. "ಅವನಿಗೆ ಬಾಗಿಲೂ ಕಾಣಲ್ಲ."

*

ಒಳಗೆ ಮೇಜಿನ ಮೇಲೆ ಮಲಗಿಸಿದರು. ಡಾಕ್ಟರು ವಯಸ್ಸಾದವರು, ಇಂಥ ಮುಖಗಳನ್ನು ಹೊಲಿದೂ ಹೊಲಿದೂ ಬೇಸತ್ತವರು. ಸೂಜಿ ಚುಚ್ಚಿದಾಗ ಲೆನ್ಸ್ ಅವಳ ಮಣಿಕಟ್ಟು ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ಆಲ್ಬಮ್ ನಿನಗೆ ಹೇಗನಿಸ್ತು?" ಅಂದಳು. ಇಷ್ಟೆಲ್ಲ ಆದರೂ ಅವಳು ಅದನ್ನು ಕೇಳಿಯೇ ಇರಲಿಲ್ಲ.

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಏನೋ?"

"ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. ಪೂರ್ತಿ ನಿನ್ನನ್ನೇ ನೋಡ್ತಿದ್ದೆ."

"ಮಾತಾಡಬೇಡಿ," ಅಂದರು ಡಾಕ್ಟರು.

ಅವಳಿಗೆ ಸಿಟ್ಟು ನೆತ್ತಿಗೇರಿತು. "ಕೇಳದೇ ನಡುವೆ ಹೋದ್ಯಾ? ಒದೆ ತಿಂದ್ಯಾ? ನಾನು ನಮ್ಮಣ್ಣನ ಬಾಯಿಗೆ ಹೊಡೆದೆ ಕಣೋ! ಹಿಡಿಸದೇ ಕುಣಿಯೋದು ಸುಳ್ಳು ಹೇಳಿದ ಹಾಗೆ!"

"ಸುಳ್ಳಲ್ಲ. ಹಿಡಿಸಿದ್ದಕ್ಕೇ ಕುಣಿದೆ."

ಹೊಡೆಯೋಣವೆಂದು ನೋಡಿದಳು. ಆ ಮುಖದಲ್ಲಿ ಹೊಡೆಯಲು ಜಾಗ ಉಳಿದಿರಲಿಲ್ಲ. ಅವಳ ದನಿ ಇಳಿಯಿತು.

"ನಾನು ನಿನ್ನ ಹಿಂದೆ ಬರಲಿಲ್ಲ, ಗೋಡೆಗೇ ನಿಂತಿದ್ದೆ. ನಿನಗೆ ಕಾಣಲಿಲ್ಲ, ಅದಕ್ಕೆ ಇಷ್ಟೆಲ್ಲ. ಕಂಡಿದ್ರೆ ನೀನು ವಾಪಸ್ ಬರ್ತಿದ್ದೆ."

"ಗೊತ್ತಾಗಿತ್ತು."

"ಏನು?"

"ಒಬ್ಬನೇ ಇದೀನಿ ಅಂತ. ಮೊದಲನೇ ಹಾಡು ಮುಗಿಯೋದ್ರೊಳಗೇ ಗೊತ್ತಾಗಿತ್ತು. ನೆಲದ ಮೇಲೆ ನಂದೊಂದೇ ಶೂ ಸದ್ದು."

"ಮತ್ತೆ ಯಾಕೆ ನಿಲ್ಲಿಸ್ಲಿಲ್ಲ?"

"ಬರ್ತೀಯ ಅಂತ."

ಡಾಕ್ಟರು ಈ ಸಲ ಮಾತಾಡಬೇಡಿ ಅನ್ನಲಿಲ್ಲ. ದಾರ ಎಳೆದು ಗಂಟು ಹಾಕಿದರು.

ಅವಳು ಚಂದದ ಮಾತು ಹುಡುಕಿದಳು, ಸಿಗಲಿಲ್ಲ. ಇದ್ದದ್ದನ್ನೇ ಎತ್ತಿ ಎಸೆದಳು. "ನೀನಂದ್ರೆ ನನಗಿಷ್ಟ ಕಣೋ. ತುಂಬಾ ದಿನದಿಂದ. ಅಲ್ಲಿಗೆ ಬರೋಕೆ ತಡ ಮಾಡಿದೆ."

"ಬಂದ್ಯಲ್ಲ."

ಅವಳು ಬಗ್ಗಿ ಅವನ ಮುಖದಲ್ಲಿ ಒಡೆಯದೇ ಉಳಿದ ಜಾಗ ಹುಡುಕಿದಳು. ಕಿವಿಯ ಹಾಲೆ ಸಿಕ್ಕಿತು. ಅಲ್ಲಿಗೆ ತುಟಿ ಒತ್ತಿದಳು. ರಕ್ತ, ಬೆವರು, ಟಿಂಚರಿನ ವಾಸನೆ. ಅವನ ಬೆರಳುಗಳು ಅವಳ ಮಣಿಕಟ್ಟಿನ ಮೇಲೆ ಮೂಳೆ ನೋಯುವಷ್ಟು ಬಿಗಿದವು.

ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ನರ್ಸ್ ಅಣ್ಣನ ಬೆರಳನ್ನು ಎಳೆದು ನೆಟ್ಟಗೆ ಮಾಡಿರಬೇಕು. "ಲೇ ತಾಯೀ, ಸಾಯಿಸ್ತೀಯೇನೇ!" ಎಂಬ ಕೂಗಿಗೆ ಗಾಜಿನ ಬೀರು ಅದುರಿತು. ಅದರ ಹಿಂದೆಯೇ ನರ್ಸ್‌ನ ದನಿ: "ಇಷ್ಟೇನಾ ನಿಮ್ಮ ಗಂಡಸ್ತನ?"

ಲೆನ್ಸ್ ನಕ್ಕ. ತಡೆಯಲಾಗದೆ, ಪಕ್ಕೆ ಹಿಡಿದುಕೊಂಡು, ನೋವಿಗೆ ಅಳುತ್ತಾ ನಕ್ಕ. ಅವಳೂ ನಕ್ಕಳು. ಅವನ ಸೀಳಿದ ತುಟಿ ಇನ್ನಷ್ಟು ಸೀಳಿ ಗದ್ದಕ್ಕೆ ರಕ್ತ ಇಳಿಯಿತು. ಡಾಕ್ಟರು ಇಬ್ಬರನ್ನೂ ಬಾಯಿಗೆ ಬಂದಂತೆ ಬೈಯುತ್ತಾ ಮತ್ತೆ ಸೂಜಿ ಎತ್ತಿಕೊಂಡರು.